ಹೊಂಡದ ನೀರು, ಗುಂಡಿಯ ಮಣ್ಣು, ಕಣದ ರಾಶಿ: ಘನಫಲದ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಸೀಮೆಗಳಲ್ಲಿ ಮಳೆಗಾಲವು ಕಳೆದ ಮೇಲೆ ಕಾಫಿ ತೋಟಗಳ ಹೊಂಡಗಳು ಅಂಚಿನವರೆಗೆ ತುಂಬಿ ನಿಂತಿರುವುದು ಕಣ್ಣಿಗೆ ತಂಪಾದ ನೋಟ. ಆ ಹೊತ್ತಿನಲ್ಲಿ ಹೊಂಡದ ಯಜಮಾನರನ್ನು ಇದರಲ್ಲಿ ಎಷ್ಟು ನೀರುಂಟೆಂದು ಕೇಳಿದರೆ, ‘ಬೇಕಾದಷ್ಟುಂಟು’ ಎಂಬ ಉತ್ತರವೇ ಹೆಚ್ಚಾಗಿ ಬರುವುದು. ಹೂಮಳೆಯು ಕಾಲಕ್ಕೆ ಬಾರದ ವರ್ಷದಲ್ಲಿ, ತೋಟದ ಅರ್ಧಕ್ಕೆ ಮಾತ್ರ ನೀರು ಹಾಯಿಸಿರುವಾಗಲೇ ಪಂಪ್‌ಸೆಟ್ಟಿನ ಕೊಳವೆಯ ಬಾಯಿಗೆ ಕೆಸರು ಸಿಕ್ಕಿದ ದಿನ, ಆ ‘ಬೇಕಾದಷ್ಟು’ ಎಂಬುದು ಎಷ್ಟೆಂಬುದು ತಿಳಿದುಬರುವುದು. ಆದರೆ ಅಂದು ತಿಳಿದು ಫಲವಿಲ್ಲ.

ಈ ಲೆಕ್ಕವು ದೊಡ್ಡ ವಿದ್ಯೆಯೇನೂ ಅಲ್ಲ. ಊರಿನ ಪ್ರಾಥಮಿಕ ಶಾಲೆಯ ಮೇಲಿನ ತರಗತಿಗಳಲ್ಲಿ ಮಕ್ಕಳು ಘನಫಲವೆಂಬ ಹೆಸರಿನಿಂದ ಇದನ್ನೇ ಕಲಿಯುತ್ತಾರೆ. ಉದ್ದವನ್ನು ಅಗಲದಿಂದಲೂ, ಬಂದುದನ್ನು ಎತ್ತರದಿಂದಲೂ ಗುಣಿಸಬೇಕೆಂದು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಪುಸ್ತಕದಲ್ಲಿರುವ ಪೆಟ್ಟಿಗೆಯ ಚಿತ್ರಕ್ಕೂ ತಮ್ಮ ಮನೆಯ ಹಿಂದಿನ ಗೊಬ್ಬರದ ಗುಂಡಿಗೂ ಸಂಬಂಧವಿದೆಯೆಂದು ಮಾತ್ರ ಆ ಮಕ್ಕಳಿಗೆ ತೋರುವುದಿಲ್ಲ. ಮನೆಯ ಹಿರಿಯರಿಗೆ ಗುಂಡಿಯೂ ಹೊಂಡವೂ ಚೆನ್ನಾಗಿ ಗೊತ್ತು. ಅದು ಶಾಲೆಯ ಲೆಕ್ಕವೆಂದು ಅವರಿಗೂ ತೋರುವುದಿಲ್ಲ. ಇವೆರಡು ತಿಳಿವಳಿಕೆಗಳು ಒಂದೇ ಸೂರಿನಡಿ ಇದ್ದೂ ಪರಸ್ಪರ ಮಾತನಾಡದಿರುವುದರಿಂದ ಆಗುವ ನಷ್ಟವು ಅಲ್ಪವಲ್ಲ.

ಘನಫಲವೆಂದರೆ ಒಂದು ವಸ್ತುವು ಹಿಡಿಯುವ ಸ್ಥಳ, ಇಲ್ಲವೇ ಒಂದು ಪಾತ್ರೆಯ ಒಳಗೆ ಹಿಡಿಸುವ ಸ್ಥಳ. ಮಕ್ಕಳಿಗೆ ಇದನ್ನು ಮಾತಿನಿಂದ ಹೇಳುವುದಕ್ಕಿಂತ ಇಟ್ಟಿಗೆಗಳ ಅಟ್ಟಿಯಿಂದ ತೋರಿಸುವುದು ಮೇಲು. ತಳದಲ್ಲಿ ಉದ್ದಕ್ಕೆ 6, ಅಗಲಕ್ಕೆ 4 ಇಟ್ಟಿಗೆಗಳನ್ನು ಹಾಸಿದರೆ ಒಂದು ವರಸೆಗೆ 24 ಆಗುವುವು. ಅಂಥ 5 ವರಸೆಗಳನ್ನು ಏರಿಸಿದರೆ 120. ಒಂದೊಂದಾಗಿ ಎಣಿಸದೆಯೇ ಈ ಸಂಖ್ಯೆ ದೊರೆಯಿತೆಂಬುದನ್ನು ಮಗುವು ಒಮ್ಮೆ ಕಂಡುಕೊಂಡರೆ ಸೂತ್ರವನ್ನು ಉರುಹೊಡೆಯಬೇಕಾದುದಿಲ್ಲ. ಹಾಗೆಯೇ ಎಲ್ಲ ಮಗ್ಗುಲೂ 10 ಸೆಂಟಿಮೀಟರ್ ಇರುವ ಒಂದು ರಟ್ಟಿನ ಪೆಟ್ಟಿಗೆಯನ್ನು ಮಾಡಿ ರಾಗಿಯನ್ನು ತುಂಬಿ ಅಳೆದರೆ ಸರಿಯಾಗಿ ಒಂದು ಲೀಟರ್ ಆಗುವುದು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಆಳದ ಪೆಟ್ಟಿಗೆ, ಅಂದರೆ ಒಂದು ಘನ ಅಡಿ, ಸುಮಾರು 28.3 ಲೀಟರ್ ಹಿಡಿಯುವುದು. ಹಿಂದೆ ಒಂದೊಂದು ಸೀಮೆಯ ಕೊಳಗವು ಒಂದೊಂದು ಅಳತೆಯದಾಗಿದ್ದು ಕೊಡುವವರಿಗೂ ಕೊಳ್ಳುವವರಿಗೂ ವ್ಯಾಜ್ಯವಾಗುತ್ತಿತ್ತು. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ತರುವಾಯ ಲೀಟರು ಎಲ್ಲೆಡೆಯೂ ಒಂದೇ ಆಗಿರುವುದರಿಂದ ಆ ತೊಡಕು ಈಗಿಲ್ಲ. ತೋಟದಲ್ಲಿ ಮಾತ್ರ ಅಡಿಯ ಲೆಕ್ಕವೇ ಬಳಕೆಯಲ್ಲಿರುವುದರಿಂದ ಮುಂದೆ ಅದನ್ನೇ ಇಟ್ಟುಕೊಳ್ಳಲಾಗಿದೆ.

ಮೊದಲು ಗಿಡ ನೆಡುವ ಗುಂಡಿಯನ್ನು ನೋಡಬಹುದು. ಕಾಫಿ ಸಸಿಗೆ ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಯನ್ನು ತೆಗೆಯುವುದು ವಾಡಿಕೆ. ಇದರ ಘನಫಲ 3.375 ಘನ ಅಡಿ. ಆಳುಗಳು ಪ್ರತಿಯೊಂದು ಮಗ್ಗುಲಲ್ಲೂ ಮೂರು ಅಂಗುಲ ಕಡಿಮೆ ಮಾಡಿ ಒಂದೂಕಾಲು ಅಡಿಗೆ ನಿಲ್ಲಿಸಿದರೆಂದು ತಿಳಿಯಿರಿ. ಮೂರಂಗುಲವೆಂದರೆ ಎಷ್ಟು ಮಹಾ ಎಂದು ಯಜಮಾನರು ಸುಮ್ಮನಾಗಬಹುದು. ಆದರೆ ಒಂದೂಕಾಲನ್ನು ಒಂದೂಕಾಲಿನಿಂದ ಎರಡು ಸಲ ಗುಣಿಸಿದರೆ 1.95 ಘನ ಅಡಿ ಮಾತ್ರ ಬರುವುದು. ಎಂದರೆ ಸಸಿಯ ಬೇರಿಗೆ ಸಡಿಲಮಾಡಿ ಕೊಡಬೇಕಾದ ಮಣ್ಣಿನಲ್ಲಿ ನೂರಕ್ಕೆ ನಲವತ್ತೆರಡು ಪಾಲು ಕೈಬಿಟ್ಟುಹೋಯಿತು. ಇದಕ್ಕೆ ಪ್ರತಿಯಾಗಿ ಯಜಮಾನರು ‘ಎರಡೆರಡು ಅಡಿ ಇರಲಿ, ಗುಂಡಿಗೆ ಕೂಲಿ ಮೊದಲಿನಷ್ಟೇ’ ಎಂದರೆ ಅದೂ ನ್ಯಾಯವಲ್ಲ. ಎರಡು ಅಡಿಯ ಗುಂಡಿಯಲ್ಲಿ 8 ಘನ ಅಡಿ ಮಣ್ಣು ಏಳುವುದು. ಅದು ಮೊದಲಿನ ಗುಂಡಿಯ ಎರಡರಷ್ಟಕ್ಕಿಂತಲೂ ಹೆಚ್ಚು. ಕೆಳಗೆ ಹೋದಂತೆಲ್ಲ ಮಣ್ಣು ಬಿಗಿಯಾಗಿರುವುದೂ ಕಲ್ಲು ಸಿಕ್ಕುವುದೂ ಬೇರೆ. ಗುಂಡಿ ತೆಗೆಯುವ ಗುತ್ತಿಗೆಯ ಜಗಳಗಳು ಗ್ರಾಮದ ಹಿರಿಯರ ಮುಂದೆ ಬಂದಾಗ ಎರಡು ಪಕ್ಷದವರೂ ಆಳದ ಮಾತನ್ನೇ ಆಡುವುದು ಕಂಡುಬರುತ್ತದೆ. ತೀರ್ಮಾನಿಸಬೇಕಾದುದು ಘನಫಲದ ಮೇಲೆ.

ತೆಗೆದ ಮಣ್ಣಿನ ಗುಡ್ಡೆಯನ್ನು ಅಳೆದು ಕೂಲಿ ಗೊತ್ತುಮಾಡುವುದೂ ತಪ್ಪು. ಬಿಗಿಯಾಗಿದ್ದ ಮಣ್ಣು ಅಗೆದ ಮೇಲೆ ಉಬ್ಬಿ, ಸಾಧಾರಣವಾಗಿ ಕಾಲು ಭಾಗದಷ್ಟು ಹೆಚ್ಚಿನ ಸ್ಥಳವನ್ನು ಹಿಡಿಯುವುದು. ತೆಗೆದ ಮಣ್ಣೆಲ್ಲವೂ ಅದೇ ಗುಂಡಿಗೆ ಮರಳಿ ಹಿಡಿಸದಿರುವುದನ್ನು ಕಂಡು ಮಕ್ಕಳು ಸೋಜಿಗಪಡುವರು. ದೊಡ್ಡವರು ಇದಕ್ಕೆ ತಿಥಿ ನಕ್ಷತ್ರಗಳನ್ನು ಕಾರಣವಾಗಿ ಹೇಳುವುದೂ ಉಂಟು.

ಇನ್ನು ಹೊಂಡದ ಮಾತು. ಒಬ್ಬ ಜಮೀನುದಾರರ ಹೊಂಡವು ಬಾಯಿಯಲ್ಲಿ 60 ಅಡಿ ಉದ್ದ, 40 ಅಡಿ ಅಗಲವಿದ್ದು, ಆಳವು 10 ಅಡಿ ಇರುವುದೆಂದು ದೃಷ್ಟಾಂತಕ್ಕಾಗಿ ಇಟ್ಟುಕೊಳ್ಳಬಹುದು. ಮನೆಯ ಜಗುಲಿಯಲ್ಲಿ ಕುಳಿತು ಅವರು 60ನ್ನು 40ರಿಂದಲೂ, ಬಂದುದನ್ನು 10ರಿಂದಲೂ ಗುಣಿಸಿ 24,000 ಘನ ಅಡಿ ನೀರುಂಟೆಂದು ಬರೆದುಕೊಂಡರು. ಆರನೆಯ ತರಗತಿಯಲ್ಲಿ ಓದುವ ಮೊಮ್ಮಗಳು ಅದನ್ನು ನೋಡಿ, “ಅಜ್ಜಯ್ಯ, ನಮ್ಮ ಹೊಂಡ ಪೆಟ್ಟಿಗೆಯ ಹಾಗಿಲ್ಲವಲ್ಲ, ಬಾಣಲೆಯ ಹಾಗಿದೆ” ಎಂದಳು. “ಹಾಗಾದರೆ ಬಾಣಲೆಯ ಲೆಕ್ಕ ಹೇಳು ನೋಡುವ” ಎಂದರು ಅಜ್ಜಯ್ಯನವರು. ಹುಡುಗಿಗೆ ಬಾರಲಿಲ್ಲ, ಅವಳ ಪುಸ್ತಕದಲ್ಲಿ ಅದಿರಲಿಲ್ಲ. ಆದರೆ ಅವಳು ಹೇಳಿದ ಮಾತು ಮಾತ್ರ ಸರಿ.

ಮಣ್ಣಿನ ಹೊಂಡದ ಮಗ್ಗುಲುಗಳು ನೆಟ್ಟಗಿದ್ದರೆ ಮೊದಲ ಮಳೆಗೇ ಕುಸಿಯುವುವು. ಆದಕಾರಣ ಒಂದು ಅಡಿ ಆಳಕ್ಕೆ ಒಂದು ಅಡಿ ಒಳಕ್ಕೆ ಬರುವಂತೆ ಇಳಿಜಾರು ಬಿಟ್ಟು ತೆಗೆಯುವುದುಂಟು. ಹಾಗೆ ತೆಗೆದಾಗ ಈ ಹೊಂಡದ ತಳವು 40 ಅಡಿ ಉದ್ದ, 20 ಅಡಿ ಅಗಲ ಮಾತ್ರ ಉಳಿಯುವುದು. ಬಾಯಿಯ ಅಳತೆಯಿಂದ ಗುಣಿಸಿದವರು ಇಳಿಜಾರಿನ ಒಳಗಿರುವ, ಎಂದೂ ಅಗೆಯದ ಮಣ್ಣನ್ನೂ ನೀರೆಂದೇ ಎಣಿಸಿದಂತಾಯಿತು.

ಇಂಥ ಹೊಂಡದ ಸರಿಯಾದ ಲೆಕ್ಕವು ಪರದೇಶದಿಂದ ಬಂದುದಲ್ಲ. ತಾನು ಸಹ್ಯಾದ್ರಿಯನ್ನಾಶ್ರಯಿಸಿದ ಊರಿನವನೆಂದು ಹೇಳಿಕೊಂಡಿರುವ ಭಾಸ್ಕರಾಚಾರ್ಯನು ಸುಮಾರು 1150ರಲ್ಲಿ ರಚಿಸಿದ ‘ಲೀಲಾವತಿ’ಯಲ್ಲಿ ಅಗೆತದ ಲೆಕ್ಕಕ್ಕೆ ಖಾತವ್ಯವಹಾರವೆಂದು ಒಂದು ಪ್ರಕರಣವೇ ಇದೆ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದನು. ಅದು ಹೊಯ್ಸಳರು ಆಳುತ್ತಿದ್ದ ಕಾಲ. ಆ ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಇಂದು ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಗ್ರಾಮವಾಗಿದೆ. ಕೆರೆ ಕಟ್ಟಿಸುತ್ತಿದ್ದವರ ನಾಡಿನಲ್ಲಿ ಕೆರೆಯ ಲೆಕ್ಕವೂ ಬೆಳೆದುದರಲ್ಲಿ ಆಶ್ಚರ್ಯವೇನು!

ಭಾಸ್ಕರನ ಕ್ರಮವು ಹೀಗಿದೆ. ಬಾಯಿಯ ಕ್ಷೇತ್ರಫಲ 60ರಿಂದ 40, ಎಂದರೆ 2,400 ಚದರ ಅಡಿ. ತಳದ ಕ್ಷೇತ್ರಫಲ 40ರಿಂದ 20, ಎಂದರೆ 800. ಇನ್ನು ಬಾಯಿಯ ಮತ್ತು ತಳದ ಉದ್ದಗಳನ್ನು ಕೂಡಿಸಿದರೆ 100, ಅಗಲಗಳನ್ನು ಕೂಡಿಸಿದರೆ 60. ಇವೆರಡನ್ನು ಗುಣಿಸಿದರೆ 6,000. ಈ ಮೂರನ್ನೂ ಕೂಡಿಸಲು 9,200 ಆಗುವುದು. ಅದನ್ನು 6ರಿಂದ ಭಾಗಿಸಿ, ಆಳವಾದ 10ರಿಂದ ಗುಣಿಸಿದರೆ 15,333 ಘನ ಅಡಿ. ಅಜ್ಜಯ್ಯನವರ 24,000ದಲ್ಲಿ 8,667 ಘನ ಅಡಿ ಗಾಳಿಯ ಲೆಕ್ಕವಾಗಿತ್ತು! ಹೊಂಡ ತೆಗೆದವರಿಗೆ ಘನ ಅಡಿಯ ಮೇಲೆ ಹಣ ಕೊಟ್ಟಿದ್ದರೆ, ಅಗೆಯದ ಅಷ್ಟು ಮಣ್ಣಿಗೂ ಕೂಲಿ ಕೊಟ್ಟಂತಾಯಿತು.

ಇಷ್ಟು ಗುಣಾಕಾರವು ಮಕ್ಕಳಿಗೆ ಹೆಚ್ಚೆನಿಸಿದರೆ ನಡುವಿನ ಅಳತೆಯನ್ನು ಹಿಡಿಯಬಹುದು. ಆಳದ ಅರ್ಧದಲ್ಲಿ ಉದ್ದ 50, ಅಗಲ 30. ಅದನ್ನು 10ರಿಂದ ಗುಣಿಸಿದರೆ 15,000. ಸತ್ಯಕ್ಕಿಂತ 333 ಘನ ಅಡಿ ಕಡಿಮೆ ಬಂದಿತು. ಬಾಯಿಯ ಮತ್ತು ತಳದ ಕ್ಷೇತ್ರಫಲಗಳ ಸರಾಸರಿಯನ್ನು ಹಿಡಿದರೆ 16,000 ಬಂದು, ಸತ್ಯಕ್ಕಿಂತ 667 ಹೆಚ್ಚಾಗುವುದು. ನೀರಿನ ವಿಷಯದಲ್ಲಿ ಸ್ವಲ್ಪ ಕಡಿಮೆ ಹೇಳುವ ಲೆಕ್ಕವೇ ಹೆಚ್ಚು ಹೇಳುವ ಲೆಕ್ಕಕ್ಕಿಂತ ಮೇಲಾದುದರಿಂದ, ನಿತ್ಯದ ಬಳಕೆಗೆ ನಡುವಿನ ಅಳತೆಯು ಸಾಕು.

ಈ ಸಂಖ್ಯೆಯಿಂದ ತೋಟಕ್ಕೆ ಆಗುವುದೇನೆಂಬುದನ್ನು ಈಗ ನೋಡಬೇಕು. ಒಂದು ಗುಂಟೆಯು 33 ಅಡಿಗೆ 33 ಅಡಿ. 40 ಗುಂಟೆಗಳ ಎಕರೆಗೆ 43,560 ಚದರ ಅಡಿ. ಇದರ ಮೇಲೆ ಒಂದು ಅಂಗುಲ ಮಳೆ ಬಿದ್ದಷ್ಟು ನೀರು ನಿಲ್ಲಬೇಕಾದರೆ 3,630 ಘನ ಅಡಿ, ಎಂದರೆ ಒಂದು ಲಕ್ಷ ಲೀಟರಿಗೂ ಸ್ವಲ್ಪ ಹೆಚ್ಚು ನೀರು ಬೇಕಾಗುವುದು. ರೊಬಸ್ಟಾ ಕಾಫಿಯ ಮೊಗ್ಗು ಅರಳಲು ಒಂದರಿಂದ ಒಂದೂವರೆ ಅಂಗುಲ ನೀರು ಅವಶ್ಯ. ಒಂದೇ ಅಂಗುಲವೆಂದು ಹಿಡಿದರೂ 24,000 ಘನ ಅಡಿಯು 6 ಎಕರೆ 24 ಗುಂಟೆಗೆ ಸಾಕೆಂದು ಕಾಗದದ ಮೇಲೆ ಕಾಣುವುದು. ನಿಜವಾಗಿ ಇರುವ 15,333 ಘನ ಅಡಿಯು 4 ಎಕರೆ 9 ಗುಂಟೆಗೆ ತೀರುವುದು. ಹೂವಾದ ಎರಡು ಮೂರು ವಾರಗಳೊಳಗೆ, ಬೆಳೆಗಾರರು ಬ್ಯಾಕಿಂಗ್ ಎಂದು ಕರೆಯುವ ಎರಡನೆಯ ನೀರನ್ನು ಮುಕ್ಕಾಲು ಅಂಗುಲದಷ್ಟಾದರೂ ಕೊಡಬೇಕು. ಆಗ ಮಳೆಯು ಬಾರದೆ, ಹಳ್ಳದಿಂದ ಹೊಂಡಕ್ಕೆ ಮತ್ತೆ ನೀರು ಸೇರುವಂತಿಲ್ಲದಿದ್ದರೆ, ಇದೇ ಹೊಂಡವು 2 ಎಕರೆ 16 ಗುಂಟೆಯನ್ನು ಮಾತ್ರ ದಡ ಸೇರಿಸಬಲ್ಲುದು. ಬಿಸಿಲಿಗೆ ಆರಿಹೋಗುವ ನೀರು, ತಳಕ್ಕೆ ಇಂಗುವ ನೀರು, ಕೊಳವೆಗೆ ಎಟುಕದೆ ಉಳಿಯುವ ನೀರು ಇವನ್ನು ಇನ್ನೂ ಕಳೆದಿಲ್ಲ.

ಇರುವ ನೀರನ್ನೇ ಆರೂವರೆ ಎಕರೆಗೂ ತೆಳುವಾಗಿ ಹಂಚಿದರಾಯಿತೆಂದು ಕೆಲವರು ಹೇಳುವರು. ಇದು ಅತ್ಯಂತ ಹಾನಿಕರವಾದ ಮಾರ್ಗ. ಬೇಸಿಗೆಯಲ್ಲಿ ನಿದ್ರಿಸುತ್ತಿರುವ ಮೊಗ್ಗನ್ನು ಸಾಲದ ನೀರು ಎಬ್ಬಿಸುವುದೇ ಹೊರತು ಪೂರ್ಣವಾಗಿ ಅರಳಿಸಲಾರದು. ಅರೆಬಿರಿದ ಹೂವು ಕಾಯಿ ಕಟ್ಟದೆ ಕೆಡುವುದು. ನೀರು ಕಾಣದೆ ಉಳಿದ ಮೊಗ್ಗಿಗಾದರೆ ಮುಂದೆ ಬರುವ ಮಳೆಯ ಆಸೆಯಾದರೂ ಇದೆ. ಆದಕಾರಣ ಯಾವ ಎಕರೆಗೆ ನೀರು, ಯಾವುದಕ್ಕೆ ದೇವರ ಮಳೆ ಎಂಬುದನ್ನು ಪಂಪನ್ನು ಹೂಡುವ ಮೊದಲೇ ಗೊತ್ತುಮಾಡಿಕೊಳ್ಳುವುದು ಅವಶ್ಯವಾಗಿದೆ. ಅದಕ್ಕೆ ಘನಫಲವೊಂದೇ ಆಧಾರ.

ಇಳಿಜಾರಿನ ಹೊಂಡದ ಇನ್ನೊಂದು ಗುಣವು ಅನುಭವಸ್ಥರಿಗೂ ಮರೆತುಹೋಗುವುದುಂಟು. ಎಲ್ಲ ಅಡಿಗಳೂ ಸಮನಲ್ಲ. ಮೇಲಿನ ಒಂದು ಅಡಿಯಲ್ಲಿ ಸುಮಾರು 2,300 ಘನ ಅಡಿ ನೀರು ಇದ್ದರೆ, ತಳದ ಒಂದು ಅಡಿಯಲ್ಲಿ 860 ಮಾತ್ರ. ನೀರು ಸಾಲದೆಂದು ತಳವನ್ನು ಇನ್ನೊಂದು ಅಡಿ ಅಗೆಸುವವರು ಬಹಳ ಮಂದಿ. ಇದೇ ಇಳಿಜಾರಿನಲ್ಲಿ ಅಗೆದರೆ ದೊರೆಯುವುದು ಸುಮಾರು 740 ಘನ ಅಡಿ. ಅದರ ಬದಲು ಏರಿಯನ್ನೂ ಕೋಡಿಯನ್ನೂ ಒಂದು ಅಡಿ ಎತ್ತರಿಸಿದರೆ 2,500 ಘನ ಅಡಿ ದೊರೆಯುವುದು. ಏರಿಯ ಮಣ್ಣು ಗಟ್ಟಿಯಾಗಿದ್ದು, ಕೆಳಗೆ ಗದ್ದೆಯಾಗಲಿ ಲೈನು ಮನೆಗಳಾಗಲಿ ಇಲ್ಲದ ಕಡೆ ಮಾತ್ರ ಇದನ್ನು ಯೋಚಿಸಬೇಕು. ಕಳಸದ ಕಡೆಯ ಮಳೆಗೆ ಸಡಿಲವಾದ ಏರಿಯು ನಿಲ್ಲುವುದಿಲ್ಲ.

ದುಂಡು ಬಾವಿಗೆ ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿ, 11ರಿಂದ ಗುಣಿಸಿ, 14ರಿಂದ ಭಾಗಿಸಿದರೆ ಬಾಯಿಯ ಕ್ಷೇತ್ರಫಲ ಬರುವುದು. 12 ಅಡಿ ವ್ಯಾಸದ ಬಾವಿಯಲ್ಲಿ ಅಡಿಯೊಂದಕ್ಕೆ 113 ಘನ ಅಡಿ, 14 ಅಡಿಯದರಲ್ಲಿ 154. ತೊಟ್ಟಿಲು ಗುಂಡಿಗಳ ಲೆಕ್ಕವು ಇನ್ನೂ ಸುಲಭ: 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ಆಳದ ನೂರು ಗುಂಡಿಗಳು ಒಂದು ಸಲ ತುಂಬಿದರೆ 12,700 ಲೀಟರಿನಷ್ಟು ಮಳೆನೀರು ಇಳಿಜಾರಿನಲ್ಲಿ ಓಡದೆ ನಿಂತಿತೆಂದು ತಿಳಿಯಬೇಕು.

ಕಣದಲ್ಲಿ ಸುರಿದ ಭತ್ತದ ರಾಶಿಯು ಮೇಲಕ್ಕೆ ಹೋದಂತೆ ಮೊನಚಾಗುವ ಆಕಾರದ್ದು. ಪಂಡಿತರು ಇದನ್ನು ಶಂಕುವೆನ್ನುವರು. ಅಷ್ಟೇ ಬಾಯಿ, ಅಷ್ಟೇ ಎತ್ತರದ ಡಬ್ಬಿಯಲ್ಲಿ ಹಿಡಿಸುವುದರ ಮೂರನೆಯ ಒಂದು ಪಾಲು ಇದರಲ್ಲಿರುವುದು. ಶಾಲೆಯಲ್ಲಿ ಒಂದು ಡಬ್ಬಿಯನ್ನೂ ಅದರ ಅಳತೆಗೆ ಸರಿಯಾಗಿ ಸುತ್ತಿದ ರಟ್ಟಿನ ಶಂಕುವನ್ನೂ ಇಟ್ಟುಕೊಂಡು ಮರಳನ್ನು ಅಳೆದರೆ, ಮೂರು ಸಲಕ್ಕೆ ಡಬ್ಬಿ ತುಂಬುವುದನ್ನು ಮಕ್ಕಳು ಕಣ್ಣಾರೆ ಕಾಣುವರು. ‘ಲೀಲಾವತಿ’ಯಲ್ಲಿ ರಾಶಿಗೂ ಒಂದು ಪ್ರಕರಣವಿದೆ. ತಳದ ಸುತ್ತಳತೆಯನ್ನು 6ರಿಂದ ಭಾಗಿಸಿ, ಬಂದುದನ್ನು ಅದರಿಂದಲೇ ಗುಣಿಸಿ, ಎತ್ತರದಿಂದ ಗುಣಿಸಬೇಕೆಂದು ಅಲ್ಲಿಯ ಕ್ರಮ. ಎತ್ತರವನ್ನು ಅಳೆಯದೆಯೇ ಅಂದಾಜು ಮಾಡುವುದಕ್ಕೂ ಅಲ್ಲಿ ದಾರಿಯುಂಟು: ಮುಳ್ಳುಳ್ಳ ಧಾನ್ಯಕ್ಕೆ ಸುತ್ತಳತೆಯ 9ನೆಯ ಒಂದು ಪಾಲು, ದಪ್ಪ ಧಾನ್ಯಕ್ಕೆ 10ನೆಯದು, ಸಣ್ಣ ಧಾನ್ಯಕ್ಕೆ 11ನೆಯದು. ಧಾನ್ಯದ ಕಾಳು ಎಷ್ಟು ನುಣುಪೋ ರಾಶಿಯು ಅಷ್ಟು ತಗ್ಗಾಗಿ ಹರಡುವುದೆಂಬುದನ್ನು ಹಿಂದಿನವರು ಕಣದಲ್ಲಿ ನಿಂತೇ ಗಮನಿಸಿದ್ದಿರಬೇಕು.

36 ಅಡಿ ಸುತ್ತಳತೆ, 4 ಅಡಿ ಎತ್ತರದ ಭತ್ತದ ರಾಶಿಗೆ ಈ ಕ್ರಮದಿಂದ 144 ಘನ ಅಡಿ ಬರುವುದು. ಇದರಲ್ಲಿ ವೃತ್ತದ ಪರಿಧಿಯನ್ನು ವ್ಯಾಸದ ಮೂರರಷ್ಟೆಂದು ಹಿಡಿದಿರುವುದರಿಂದ ಫಲವು ಸ್ವಲ್ಪ ಹೆಚ್ಚು. ಸೂಕ್ಷ್ಮವಾಗಿ ಬೇಕಾದರೆ ಸುತ್ತಳತೆಯನ್ನು ಸುತ್ತಳತೆಯಿಂದ ಗುಣಿಸಿ, ಎತ್ತರದಿಂದ ಗುಣಿಸಿ, 37.7ರಿಂದ ಭಾಗಿಸತಕ್ಕದ್ದು, ಆಗ 137.5 ಬರುವುದು. ವ್ಯತ್ಯಾಸವು ಆರೂವರೆ ಘನ ಅಡಿ, ಎಂದರೆ 184 ಲೀಟರ್ ಭತ್ತ. ರಾಶಿಯನ್ನು ಕಣ್ಣಳತೆಯಲ್ಲಿ ಕೊಳ್ಳುವವರು ಇದನ್ನು ನೆನಪಿನಲ್ಲಿಡಬೇಕು. ಗೋಡೆಗೆ ಒರಗಿದ ರಾಶಿಯಾದರೆ ಕಾಣುವ ಸುತ್ತನ್ನು ಇಮ್ಮಡಿ ಮಾಡಿ ಲೆಕ್ಕ ಹಾಕಿ, ಬಂದ ಫಲದ ಅರ್ಧವನ್ನು ಹಿಡಿಯಬೇಕು. ಕೋಣೆಯ ಮೂಲೆಯಲ್ಲಿದ್ದರೆ ನಾಲ್ಮಡಿ ಮಾಡಿ, ಫಲದ ಕಾಲನ್ನು ಹಿಡಿಯಬೇಕು. ಎತ್ತರಕ್ಕೆ ತೆಳುವಾದ ಕೋಲೊಂದನ್ನು ತುದಿಯಿಂದ ನೆಲ ಮುಟ್ಟುವವರೆಗೆ ನೇರವಾಗಿ ಇಳಿಸಿ ಗುರುತು ಹಾಕಿದರಾಯಿತು. ಇಳಿಜಾರಿನ ಮೇಲೆ ಟೇಪನ್ನು ಹಾಸಿ ಎತ್ತರವೆಂದು ಬರೆಯುವುದು ಮಕ್ಕಳೂ ದೊಡ್ಡವರೂ ಸಮವಾಗಿ ಮಾಡುವ ತಪ್ಪು.

ಒಣಗುತ್ತಿರುವ ಕಾಫಿಗೆ ಘನಫಲದ ಜೊತೆಗೆ ತೂಕವೂ ಬೇಕು. ತೋಟಗಳಲ್ಲಿರುವ ಫೋರ್ಲಿಟ್ ಎಂಬ ನಲವತ್ತು ಲೀಟರಿನ ಪಾತ್ರೆಯ ಉಪಯೋಗವೇ ಅದು. ಪಾತ್ರೆಯು ಹಿಡಿಯುವ ಸ್ಥಳ ಒಂದೇ ಆಗಿರುವುದರಿಂದ, ದಿನದಿನಕ್ಕೆ ತುಂಬಿ ತೂಗಿದಾಗ ತೂಕವು ಇಳಿಯುವುದು ನಿಂತಿತೆಂದರೆ ಕಾಫಿ ಒಣಗಿತೆಂದು ಅರ್ಥ.

ಮೆಣಸಿನ ಬಳ್ಳಿಗೆ ಆಸರೆಯಾಗಿ ಬೆಳೆಸಿದ ಸಿಲ್ವರ್ ಓಕ್ ಮರವನ್ನು ಮಾರುವಾಗ ಇನ್ನೊಂದು ಲೆಕ್ಕವು ಎದುರಾಗುವುದು. ಮರದ ವ್ಯಾಪಾರದಲ್ಲಿ ದಿಮ್ಮಿಯ ನಡುವಿನ ಸುತ್ತಳತೆಯ ಕಾಲು ಪಾಲನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುವ ಪದ್ಧತಿಯುಂಟು. ಸುತ್ತಳತೆ 4 ಅಡಿ, ಉದ್ದ 15 ಅಡಿ ಇರುವ ದಿಮ್ಮಿಗೆ ಇದರಿಂದ 15 ಘನ ಅಡಿ ಬರುವುದು. ದುಂಡಾದ ದಿಮ್ಮಿಯ ನಿಜವಾದ ಘನಫಲವು 19.1 ಘನ ಅಡಿ. ಕೊಯ್ತದಲ್ಲಿ ಹೋಗುವ ಚಕ್ಕೆ ಹೊಟ್ಟುಗಳಿಗಾಗಿ ವ್ಯಾಪಾರಿಯು ಐದರಲ್ಲಿ ಒಂದು ಪಾಲನ್ನು ಮೊದಲೇ ಬಿಟ್ಟುಕೊಂಡಂತೆ ಇದಾಗುವುದು. ಪದ್ಧತಿಯು ತಪ್ಪೆಂದಲ್ಲ, ದರವನ್ನು ಗೊತ್ತುಮಾಡುವಾಗ ಯಾವ ಲೆಕ್ಕದ ಘನ ಅಡಿ ಎಂಬುದನ್ನು ಚೀಟಿಯಲ್ಲಿ ಬರೆಸಿಕೊಳ್ಳತಕ್ಕದ್ದು. ಕೊಯ್ತದ ನಷ್ಟಕ್ಕೆಂದು ಮತ್ತೊಮ್ಮೆ ಮುರಿದುಕೊಳ್ಳುವುದಕ್ಕೆ ಮಾತ್ರ ಒಪ್ಪಬಾರದು.

ಗ್ರಾಮದ ಮುಖ್ಯರು ಶಾಲೆಯ ಉಪಾಧ್ಯಾಯರೊಡನೆ ಮಾತನಾಡಿ, ತಮ್ಮ ಒಂದು ಹೊಂಡವನ್ನೂ ಒಂದು ಗೊಬ್ಬರದ ಗುಂಡಿಯನ್ನೂ ಕಣದ ಒಂದು ರಾಶಿಯನ್ನೂ ಮಕ್ಕಳ ಅಳತೆಗೆ ಬಿಟ್ಟುಕೊಟ್ಟರೆ ಖರ್ಚೇನೂ ಇಲ್ಲ. ನೂರು ಅಡಿಯ ಟೇಪು, ಅಡಿ ಅಡಿಗೆ ಗುರುತು ಹಾಕಿದ ಬಿದಿರಿನ ಗಳ, ಒಂದು ಪುಸ್ತಕ ಇಷ್ಟು ಸಾಕು. ನೀರು ತುಂಬಿದ ಹೊಂಡದ ಬಳಿಗೆ ಮಕ್ಕಳನ್ನು ಎಂದಿಗೂ ಬಿಡಕೂಡದು. ಇಳಿಜಾರಿನ ಕೆಸರಿನಲ್ಲಿ ಜಾರಿದವರು ಮೇಲೆ ಬರುವುದು ಕಷ್ಟ. ಹೂವಿನ ನೀರು ಮುಗಿದು ಹೊಂಡ ಬರಿದಾಗಿ ತಳವು ಒಣಗಿದ ಮೇಲೆ, ಬೇಸಿಗೆಯ ರಜೆಗೆ ಮುಂಚಿನ ದಿನಗಳಲ್ಲಿ, ದೊಡ್ಡವರು ಜೊತೆಯಲ್ಲಿದ್ದು ಅಳೆಯಿಸಬೇಕು. ಆಗ ಹೂಳು ಎಷ್ಟು ಬಂದಿದೆಯೆಂಬುದೂ ತಿಳಿಯುವುದು.

ಹಾಗೆ ಅಳೆದ ಲೆಕ್ಕವನ್ನು ಪುಸ್ತಕದಲ್ಲಿ ಬಿಡದೆ, ಹೊಂಡದೊಳಗೆ ಒಂದು ಕಲ್ಲುಕಂಬವನ್ನು ನಿಲ್ಲಿಸಿ ಅದರ ಮೇಲೆ ಬಣ್ಣದಿಂದ ಬರೆಸುವುದು ಒಳ್ಳೆಯದು. ಮೇಲೆ ಹೇಳಿದ ಹೊಂಡದಲ್ಲಿ ಪೂರ್ಣ ನೀರಿರುವ 10 ಅಡಿಯ ಗುರುತಿಗೆ 15,333 ಘನ ಅಡಿ. 8 ಅಡಿಗೆ 10,923. 6 ಅಡಿಗೆ 7,248. ನೀರು 5 ಅಡಿಗೆ ಇಳಿದಾಗ ಅರ್ಧ ಹೊಂಡ ಉಳಿಯಿತೆಂದು ನೋಡುವವರು ಹೇಳುವರು. ಕಂಬದ ಮೇಲೆ ಅಲ್ಲಿ ಬರೆಯಬೇಕಾದುದು 5,667 ಘನ ಅಡಿ, ಒಂದು ಅಂಗುಲದಂತೆ 1 ಎಕರೆ 22 ಗುಂಟೆ.